ಕಾವು ತೆಗೆದ ದನಿ

ಬೈಸಿಕೊಂಡು ಯಾರೂ ಸತ್ತಿಲ್ಲ ಎನ್ನುವವರು ಒಂದು ದಿನವಾದರೂ ಕರೆಂಟಿನ ಕಂಪ್ಲೇಂಟ್ ರೂಮಿನಲ್ಲಿ ಕೂತು ನೋಡಬೇಕು. ಕರೆಂಟು ಹೋದ ಮನುಷ್ಯನಿಗೆ ಫೋನಿನ ಆ ಕಡೆ ಯಾರಿದ್ದಾರೆ ಎಂಬುದು ಮುಖ್ಯವಲ್ಲ, ಒಂದು ಕಿವಿ ಇದ್ದರೆ ಸಾಕು. ಗದಗಿನ ಕಂಟ್ರೋಲ್ ರೂಮಿನಲ್ಲಿ ನೀಲಾಂಬಿಕಾ ಬಳಿಗಾರ, ಎಲ್ಲರ ಬಾಯಲ್ಲಿ ನೀಲಕ್ಕ, ಇಪ್ಪತ್ತೆರಡು ವರ್ಷ ಅಂಥದೊಂದು ಕಿವಿಯಾಗಿ ದುಡಿದಳು. ತಾಯಿ, ತಂದೆ, ಕುಲ, ಮನೆತನ ಯಾವುದನ್ನೂ ಬಿಡದೆ ಜನ ಆಕೆಗೆ ಬೈದರು. ಮೊದಲ ಐದು ವರ್ಷ ಅತ್ತಳು, ಮುಂದಿನ ಐದು ವರ್ಷ ತಿರುಗಿ ಬೈದಳು, ಆಮೇಲೆ ಎರಡೂ ಸಾಕಾಗಿ ಬಿ.ಪಿ. ಮಾತ್ರೆ ನುಂಗತೊಡಗಿದಳು.

ಅಂಥ ಹೊತ್ತಿನಲ್ಲಿ ಬಂದದ್ದು ‘ಸೌಮ್ಯ’. ಊರಿನ ಕರೆಂಟು ಆಗಷ್ಟೇ ‘ಬೆಳಕುವಾಹಿನಿ’ ಎಂಬ ಕಂಪನಿಯ ಕೈಗೆ ಹೋಗಿತ್ತು. ಹೊಸ ಕಂಪನಿ ಎಲ್ಲರಿಗೂ ಕಡಲೆಕಾಳಿನಷ್ಟು ದೊಡ್ಡ ಎರಡು ಗುಂಡುಗಳನ್ನು ಕೊಟ್ಟು ಕಿವಿಗೊಂದೊಂದು ಹಾಕಿಕೊಳ್ಳಿ ಎಂದಿತು. ಅದು ಮಾಡುತ್ತಿದ್ದ ಕೆಲಸ ಹೇಳುವುದಕ್ಕೆ ಸುಲಭ. ಮನುಷ್ಯನ ದನಿ ಒಳಗೆ ಹೋದ ಕೂಡಲೇ ಮಾತು ಬೇರೆ, ಕಾವು ಬೇರೆ ಎಂದು ಬಿಡಿಸುತ್ತಿತ್ತು. ಕಾವು ಎಂದರೆ ಗಟ್ಟಿತನ, ಏರುದನಿ, ಅವಸರ, ನಡುಕ, ಬಿಕ್ಕು. ಅದನ್ನೆಲ್ಲ ತೆಗೆದು, ಬೈಗುಳವನ್ನು ಆರಿಸಿ ಎಸೆದು, ಎರಡೆರಡು ಸಲ ಅಂದದ್ದನ್ನು ಒಂದೇ ಸಲಕ್ಕೆ ಇಳಿಸಿ, ಉಳಿದ ಮಾತನ್ನು ಅದೇ ಮನುಷ್ಯನ ದನಿಯಲ್ಲಿ, ಆದರೆ ಆತ ಊಟ ಮುಗಿಸಿ ಕಟ್ಟೆಯ ಮೇಲೆ ಕೂತು ಹೇಳಿದ ಹಾಗೆ, ಕಿವಿಗೆ ಬಿಡುತ್ತಿತ್ತು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಕುಕ್ಕರಿನ ಸೀಟಿ, ಲಾರಿಯ ಹಾರ್ನು, ನಾಯಿಯ ಬೊಗಳು ಇವಕ್ಕೆಲ್ಲ ಅದು ಕೈ ಹಚ್ಚುತ್ತಿರಲಿಲ್ಲ. ಅದರ ಕಣ್ಣು ಮನುಷ್ಯನ ದನಿಯ ಮೇಲೆ ಮಾತ್ರ.

ಮೊದಲ ದಿನ ಒಬ್ಬ ಫೋನು ಮಾಡಿದ. “ಏ, ಮೂರ್ ತಾಸ ಆತು! ಮನ್ಯಾಗ ಮುದುಕಿ ಒದ್ದಾಡಾಕತ್ತಾಳ, ನೀವಲ್ಲಿ ಫ್ಯಾನ್ ಹಚ್ಕೊಂಡ ಕುಂತೀರಿ, ನಿಮ್ಮ ಹೆಣಾ ಎತ್ಲಿ!” ಎಂದು ಆತ ಒದರಿದ್ದು ನೀಲಕ್ಕನ ಕಿವಿಗೆ ಬಂದದ್ದು ಹೀಗೆ: “ಮೂರ್ ತಾಸ ಆತ್ರಿ ಕರೆಂಟ್ ಹೋಗಿ. ಮನ್ಯಾಗ ವಯಸ್ಸಾದವ್ರ ಅದಾರ.” ಆಕೆ “ಈಗ ಕಳಸ್ತೀನ್ರಿ ಮಂದೀನ” ಎಂದು ಮನಸಾರೆ ಉತ್ತರ ಕೊಟ್ಟಳು. ಆ ವಾರ ಬಿ.ಪಿ. ಇಳಿಯಿತು. ಕಂಟ್ರೋಲ್ ರೂಮಿನ ಹನ್ನೆರಡು ಮಂದಿಯೂ ಹಬ್ಬ ಮಾಡಿದವರ ಹಾಗೆ ಓಡಾಡಿದರು. ಊರಿನ ಮಂದಿ ಆ ಗುಂಡಿಗೆ ‘ಸಕ್ಕರಿ’ ಎಂದು ಹೆಸರಿಟ್ಟರು. ಬ್ಯಾಂಕಿನವರು ಹಾಕಿಕೊಂಡರು, ದವಾಖಾನೆಯವರು ಹಾಕಿಕೊಂಡರು, ಬಸ್ಸಿನ ಕಂಡಕ್ಟರುಗಳು ತಮಗೂ ಬೇಕೆಂದು ಸಂಪು ಹೂಡಿ ಪಡೆದುಕೊಂಡರು.

ಒದರುವವರು ಸುಮ್ಮನಿದ್ದರೇ? ಇಲ್ಲ. ಮೊದಲ ಒಂದು ವರ್ಷ ಇನ್ನೂ ಜೋರಾಗಿ ಒದರಿದರು. ಎಷ್ಟು ಒದರಿದರೂ ಎದುರಿನವರು ಮುಗುಳ್ನಗುವುದನ್ನು ಕಂಡು ಸುಸ್ತಾಗಿ ನಿಲ್ಲಿಸಿದರು. ಇನ್ನೊಂದು ಬದಲಾವಣೆ ಯಾರ ಗಮನಕ್ಕೂ ಬಾರದೆ ಆಯಿತು. ಕಿವಿ ಒಂದು ಹೇಳಿ ಕಣ್ಣು ಒಂದು ಹೇಳಿದರೆ ಮನುಷ್ಯ ಕೊನೆಗೆ ಕಿವಿಯನ್ನೇ ನಂಬುತ್ತಾನಂತೆ. ಎದುರಿನವನ ಮುಖ ಕೆಂಪಾಗಿದೆ, ಕುತ್ತಿಗೆಯ ನರ ಉಬ್ಬಿದೆ, ದನಿ ಮಾತ್ರ ತಣ್ಣಗಿದೆ. ಈ ತಾಳಮೇಳವಿಲ್ಲದ ನೋಟ ನೋಡಿ ನೋಡಿ ತಲೆ ಸಿಡಿಯತೊಡಗಿ, ಮಂದಿ ಮಾತಾಡುವಾಗ ಮುಖ ನೋಡುವುದನ್ನೇ ಬಿಟ್ಟರು.

ಸಕ್ಕರಿಯನ್ನು ಕೆಲಸ ಬಿಟ್ಟ ಮೇಲೆ ತೆಗೆದಿಡಬಹುದಿತ್ತು. ಆದರೆ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರೆ ತಲೆ ಸುತ್ತು ಬರುತ್ತದೆ, ಇಡೀ ದಿನ ಇರಲಿ ಎಂದು ಕಂಪನಿಯ ಡಾಕ್ಟರು ಹೇಳಿದರು. ನೀಲಕ್ಕನಿಗೆ ಅಷ್ಟು ನೆಪ ಸಾಕಾಗಿತ್ತು. ಯಾಕೆಂದರೆ ಮನೆಯಲ್ಲಿ ಅತ್ತೆ ಗುರವ್ವ ಇದ್ದರು. ಗುರವ್ವನ ನಾಲಿಗೆಗೆ ಹೆದರಿ ಓಣಿಯ ತರಕಾರಿಯವನು ಎರಡು ಮನೆ ಆಚೆ ನಿಂತು ಕೂಗುತ್ತಿದ್ದ. ಮೂವತ್ತು ವರ್ಷ ಆ ನಾಲಿಗೆಯ ಕೆಳಗೆ ಬಾಳಿದ ನೀಲಕ್ಕ ಸಕ್ಕರಿ ಹಾಕಿಕೊಂಡೇ ಮನೆಗೆ ಬಂದ ದಿನ, ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೈ ಬೀಸಿ ಬೀಸಿ ಏನೋ ಅಂದರು. ಕಿವಿಗೆ ಬಂದದ್ದು “ಪಲ್ಯಾದಾಗ ಉಪ್ಪ ಜಾಸ್ತಿ ಆಗೇತಿ” ಎಂದಷ್ಟೇ. “ಹೌದ್ರಿ ಅತ್ತಿ, ನಾಳೆ ನೋಡ್ಕೊಂಡ ಹಾಕ್ತೀನಿ” ಎಂದಳು. ಇಷ್ಟು ಹಗುರಾಗಿ ಬದುಕಬಹುದು ಎಂದು ಮೊದಲೇ ಗೊತ್ತಿರಲಿಲ್ಲವಲ್ಲ ಎಂದು ಅವತ್ತು ಆಕೆಗೆ ನಿಜವಾಗಿ ಕಣ್ಣೀರು ಬಂತು. ಗಂಡ ಬಸವಂತಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಯಂತ್ರ ನಡೆಸುವವನು. ಆರು ತಿಂಗಳೊಳಗೆ ಅವನೂ ಒಂದು ಜೋಡಿ ಕೊಂಡ. ಆರು ವರ್ಷ ಆ ಮನೆಯಲ್ಲಿ ಜಗಳ ಎಂಬುದು ಆಗಲಿಲ್ಲ.

ಆಷಾಢದ ಒಂದು ಮಂಗಳವಾರ, ಮುಂಜಾನೆ ಹನ್ನೊಂದರ ಸುಮಾರಿಗೆ, ಎಲ್ಲವೂ ಕೆಟ್ಟಿತು.

ಅದನ್ನು ಹೇಳುವ ಮುಂಚೆ ಲೈನ್‌ಮನ್‌ಗಳ ಒಂದು ಪದ್ಧತಿ ಹೇಳಬೇಕು. ಕಂಬ ಹತ್ತುವ ಮುಂಚೆ ಅವರು ಕಂಟ್ರೋಲ್ ರೂಮಿಗೆ ಫೋನು ಮಾಡಿ ‘ಲೈನ್ ಕ್ಲಿಯರ್’ ಕೇಳುತ್ತಾರೆ. ರೂಮಿನವರು ಆ ಲೈನು ಬಂದ್ ಮಾಡಿ, ಆಯಿತು ಎಂದು ಬಾಯಿಬಿಟ್ಟು ಹೇಳುತ್ತಾರೆ. ಕೆಲಸ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ ಅದೇ ಮನುಷ್ಯ ಫೋನು ಮಾಡಿ ಲೈನು ವಾಪಸು ಕೊಡಬೇಕು. ಸ್ಕ್ರೀನು, ಮೆಸೇಜು ಎಷ್ಟು ಬಂದರೂ ಈ ಬಾಯಿಮಾತು ಮಾತ್ರ ಹೋಗಿರಲಿಲ್ಲ. ದನಿ ಕೇಳಿದರೆ ಮನುಷ್ಯ ಹೆದರಿದ್ದಾನೋ, ಕುಡಿದಿದ್ದಾನೋ, ಅವಸರದಲ್ಲಿದ್ದಾನೋ ಗೊತ್ತಾಗುತ್ತದೆ ಎಂಬ ಕಾರಣಕ್ಕೆ ಹಳಬರು ಅದನ್ನು ಇಟ್ಟುಕೊಂಡಿದ್ದರು. ಇದಕ್ಕೆಂದೇ ಬೇರೆ ಟೇಬಲ್ಲು, ಬೇರೆ ಫೋನು ಇತ್ತು, ಆ ಫೋನಿಗೆ ಸಕ್ಕರಿ ಇರಲಿಲ್ಲ. ನೀಲಕ್ಕನೂ ಪಾಳಿಯ ಮೇಲೆ ಅಲ್ಲಿ ಕೂರುತ್ತಿದ್ದಳು. ಎರಡು ವರ್ಷದ ಹಿಂದೆ ಮಂದಿ ಕಡಿಮೆ ಮಾಡುವಾಗ ಕಂಪನಿ ಎರಡೂ ಟೇಬಲ್ಲು ಸೇರಿಸಿ ಎಲ್ಲ ಫೋನುಗಳನ್ನೂ ಒಂದೇ ಕಿವಿಗೆ ಹಾಕಿತು. ಯಾರೂ ತಕರಾರು ತೆಗೆಯಲಿಲ್ಲ. ಲೈನ್‌ಮನ್‌ಗಳೂ ಬೈಯುವುದರಲ್ಲಿ ಕಡಿಮೆಯವರಲ್ಲ, ಆ ಕಾಟವೂ ತಪ್ಪಿತು ಎಂದು ನೀಲಕ್ಕನೂ ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದಳು.

ಅವತ್ತು ಬೆಟಗೇರಿ ಕಡೆಯ ಒಂದು ಕಂಬದ ಮೇಲೆ ಮೈಲಾರಿ ಎಂಬ ಲೈನ್‌ಮನ್ ಇದ್ದ. ಕೆಳಗೆ ಅವನ ಜೋಡಿ ಫಕೀರಪ್ಪ ಇದ್ದ. ಇಬ್ಬರೂ ಹನ್ನೆರಡು ವರ್ಷದ ಜೊತೆಗಾರರು. ಆ ಕಂಬದ ಮೇಲೆ ಎರಡು ಲೈನು: ಕೆಳಗಿನದು ಓಣಿಗೆ, ಮೇಲಿನದು ನೂಲಿನ ಗಿರಣಿಗೆ. ಕೆಳಗಿನದಕ್ಕೆ ಲೈನ್ ಕ್ಲಿಯರ್ ಇತ್ತು, ಮೇಲಿನದು ಜೀವಂತವಾಗಿತ್ತು. ಮೈಲಾರಿ ತಂತಿ ಜಗ್ಗುವಾಗ ತಂತಿಯ ತುದಿ ಚಿಮ್ಮಿ ಮೇಲಿನದಕ್ಕೆ ತಾಗಿತು. ಲೈನು ತಾನಾಗಿ ಬಂದ್ ಆಗಬೇಕಿತ್ತು, ಆಗಲಿಲ್ಲ. ಬಂದ್ ಆಗುವಷ್ಟು ಕರೆಂಟು ಹರಿದಿರಲಿಲ್ಲ. ಮನುಷ್ಯನನ್ನು ಕೊಲ್ಲುವುದಕ್ಕೆ ಅಷ್ಟೊಂದು ಬೇಕಾಗುವುದೂ ಇಲ್ಲ.

ನೀಲಕ್ಕ ಆ ಹೊತ್ತಿಗೆ ಮೀಟರು ಕೆಟ್ಟ ಒಬ್ಬ ಅಂಗಡಿಯವನ ಜೊತೆ ಮಾತಿನಲ್ಲಿದ್ದಳು. ಇನ್ನೊಂದು ಫೋನು ಬಂತು. ಎತ್ತಿದಳು. ಫಕೀರಪ್ಪನ ದನಿ “ನೀಲಕ್ಕ” ಎಂದಿತು. ದಾರಿಯಲ್ಲಿ ಸಿಕ್ಕವರು ಮಾತಾಡಿಸುವ ಹಾಗೆ, ಒಂದೇ ಸಲ. “ಒಂದ ನಿಮಿಷ ಫಕೀರಪ್ಪ” ಎಂದು ಆಕೆ ಹೋಲ್ಡಿಗೆ ಹಾಕಿ ಅಂಗಡಿಯವನ ಕಡೆ ಹೊರಳಿದಳು. ತಿರುಗಿ ಬಂದಾಗ ಒಂದು ನಿಮಿಷ ಐವತ್ತು ಸೆಕೆಂಡು ಆಗಿತ್ತು. “ಮ್ಯಾಲಿನ ಲೈನ್ ಬಂದ್ ಮಾಡ್ರಿ ಅಕ್ಕಾ. ಮೈಲಾರಿಗೆ ಹೊಡದೈತಿ” ಎಂದು ಫಕೀರಪ್ಪ ಹೇಳಿದ, ನಾಳೆ ರಜೆ ಬೇಕು ಎಂದು ಕೇಳುವ ದನಿಯಲ್ಲಿ. ಮಾತಿನ ಅರ್ಥ ತಲೆಗೆ ಹೋಗುವುದಕ್ಕೇ ಆಕೆಗೆ ಎರಡು ಕ್ಷಣ ಬೇಕಾಯಿತು. ಬಂದ್ ಮಾಡಿದಳು. ಮೈಲಾರಿಯನ್ನು ಇಳಿಸಿದಾಗ ಜೀವ ಇರಲಿಲ್ಲ.

ಕಂಪನಿ ವಿಚಾರಣೆ ಹಚ್ಚಿತು. ಧ್ವನಿಮುದ್ರಣ ತೆಗೆದು ಕೇಳಿದರು. ಅದರಲ್ಲಿ ಇದ್ದದ್ದು ಸಕ್ಕರಿಯಿಂದ ಹೊರಬಂದ ದನಿಯೇ. ಬೈಗುಳವನ್ನು ಕೂಡಿಟ್ಟು ಏನು ಮಾಡುವುದು ಎಂದು ಮೂಲ ದನಿಯನ್ನು ಕಂಪನಿ ಉಳಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಫಕೀರಪ್ಪ ತಣ್ಣಗೆ “ನೀಲಕ್ಕ” ಎಂದು ಕರೆದು ಸುಮ್ಮನಾದದ್ದು ದಾಖಲೆಯಾಯಿತು. ಜೊತೆಗಾರ ಸುಡುತ್ತಿದ್ದಾಗ ಗಾಬರಿಯಿಂದ ತಿಳಿಸಲಿಲ್ಲ, ಕೆಲಸದಿಂದ ಯಾಕೆ ತೆಗೆಯಬಾರದು ಎಂದು ನೋಟೀಸು ಹೋಯಿತು. ಹೇಗೋ ಆ ಮುದ್ರಣ ಊರಿನವರ ಫೋನುಗಳಿಗೂ ಹಂಚಿಹೋಯಿತು. ಚಹಾದಂಗಡಿಯಲ್ಲಿ ಅದನ್ನು ಹಚ್ಚಿ ಕೇಳಿದರು. ಸಕ್ಕರಿಯ ದನಿಯೇ ನಿಜದ ದನಿ ಎಂಬಷ್ಟು ಅದು ಎಲ್ಲರಿಗೂ ರೂಢಿಯಾಗಿತ್ತು. ಫಕೀರಪ್ಪ ಹೋದಲ್ಲೆಲ್ಲ ಮಂದಿ ಮಾತು ನಿಲ್ಲಿಸಿದರು. ಮೈಲಾರಿಯ ಹೆಂಡತಿ ಅವನನ್ನು ಹೊಸ್ತಿಲ ಒಳಗೆ ಬಿಡಲಿಲ್ಲ.

ಅವನು ಮಾತ್ರ ಒಂದೇ ಮಾತು ಹಿಡಿದಿದ್ದ. ತಾನು ಒದರಿದ್ದೆ, ಗಂಟಲು ಹರಿಯುವ ಹಾಗೆ ಒದರಿದ್ದೆ.

ಹೆಡ್ ಆಫೀಸಿನ ವಿಚಾರಣಾಧಿಕಾರಿ ಹೇಮಲತಾ ಶಾನಭಾಗ್ ನೀಲಕ್ಕನಿಗೆ ಫೋನು ಮಾಡಿದರು. “ನೀವು ಗಾಬರಿಯಾಗಬೇಡಿ. ನಿಮ್ಮದೇನೂ ತಪ್ಪಿಲ್ಲ. ಮುಂದಿನ ಬುಧವಾರ ಬಂದು, ಮುದ್ರಣದಲ್ಲಿ ಇರೋದನ್ನೇ ನಾನು ಕೇಳಿದ್ದು ಅಂತ ಹೇಳಿದರೆ ಮುಗಿಯಿತು. ಸುಳ್ಳು ಹೇಳಿ ಅಂತ ನಾನು ಕೇಳುತ್ತಿಲ್ಲವಲ್ಲ?” ಎಂದರು. ಹೌದು, ಅದು ಸುಳ್ಳಲ್ಲ. ಆಕೆ ಕೇಳಿದ್ದು ಅದನ್ನೇ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಉಳಿದಿದ್ದವು. ಅಷ್ಟು ದೂರ ತೆವಳಿಕೊಂಡಾದರೂ ಹೋಗಿ ಮುಟ್ಟಿದರೆ ಸಾಕು ಎಂಬಷ್ಟು ಆಕೆ ದಣಿದಿದ್ದಳು.

ಆದರೆ ಆ “ನೀಲಕ್ಕ” ಕಿವಿಯಿಂದ ಹೋಗಲೊಲ್ಲದು. ಅಷ್ಟು ತಣ್ಣಗಿನ ಕರೆ ಯಾವುದನ್ನೂ ಆಕೆ ಇಷ್ಟು ದಿನ ನೆನಪಿಟ್ಟುಕೊಂಡಿರಲಿಲ್ಲ. ಮರುದಿನ ರಜೆ ಹಾಕಿ ಮನೆಯಲ್ಲಿ ಕೂತು, ಮಧ್ಯಾಹ್ನ, ಸಕ್ಕರಿ ತೆಗೆದಳು.

ಮೊದಲು ಓಣಿ ಮೈಮೇಲೆ ಬಿತ್ತು. ಪಕ್ಕದ ಮನೆಯವಳು ಮಗನನ್ನು ಕರೆದದ್ದು ಕೊಲೆಯಾದ ಹಾಗೆ ಕೇಳಿತು. ಪಾತ್ರೆಯವನು ಕೂಗಿದ್ದು, ಎರಡು ಮಂದಿ ನಕ್ಕದ್ದು, ಎಲ್ಲವೂ ಕಪಾಳಕ್ಕೆ ಹೊಡೆದ ಹಾಗೆ. ಆಕೆ ಎರಡು ಸಲ ವಾಂತಿ ಮಾಡಿಕೊಂಡಳು. ಸಾವರಿಸಿಕೊಂಡು ಅತ್ತೆಯ ಹತ್ತಿರ ಹೋಗಿ ಕೂತಳು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದಳು. ಗುರವ್ವ ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕೂತಿದ್ದರು.

“ಅತ್ತಿ, ಏನರ ಮಾತಾಡ್ರಿ.”

“ಏನ್ ಮಾತಾಡ್ಲಿ?” ಗುರವ್ವನ ದನಿ ಸಣ್ಣಗೆ, ಹಣ್ಣಾಗಿ ಬಂತು. ನೀಲಕ್ಕ ಕಿವಿ ಮುಟ್ಟಿ ನೋಡಿಕೊಂಡಳು. ಸಕ್ಕರಿ ಇರಲಿಲ್ಲ. ಇದು ಅವರದೇ ದನಿ.

“ಬೈಯೂದು ಯಾವಾಗ ಬಿಟ್ರಿ ಅತ್ತಿ?”

“ನಾಕ್ ವರ್ಷ ಆತಲ್ಲಬೇ. ಗ್ವಾಡಿಗೆ ಬೈದಂಗ ಆಗ್ತಿತ್ತು. ಬೈದ್ರ ನೀ ಹೊಳ್ಳಿ ಬೈಬೇಕು, ಇಲ್ಲಾ ಅಳಬೇಕು. ಅದೂ ಇಲ್ಲ ಇದೂ ಇಲ್ಲ ಅಂದ್ರ ಯಾರಿಗೆ ಬೈಯೂದು?” ಗುರವ್ವ ಎಡಗೈ ಎತ್ತಿ ತೋರಿಸಿದರು. ಕಿರುಬೆರಳು ಸೊಟ್ಟಗೆ ಕೂತಿತ್ತು. “ಹೋದ ಮಾಘದಾಗ ಬಚ್ಚಲದಾಗ ಜಾರಿ ಬಿದ್ದಿದ್ದೆ. ‘ನೀಲಾ’ ಅಂತ ಒದರಿದೆ. ಬಾಜೂಮನಿ ನಾಯಿ ಬೊಗಳಿತು, ನೀ ಬರಲಿಲ್ಲ. ‘ಬಂದ್ನಿರಿ ಅತ್ತಿ’ ಅಂದಿ, ರೊಟ್ಟಿ ಬಡ್ಯಾಕತ್ತಿದ್ದಿ. ಎಲ್ಲಾ ರೊಟ್ಟಿ ಮುಗಿಸಿದಿ. ಅಷ್ಟೊತ್ತಿಗೆ ನಾನ ಎದ್ದೆ.”

“ಹೇಳಬಾರದಿತ್ತೇನ್ರಿ?”

“ಹೇಳಿದ್ನಲ್ಲ. ನೀ ‘ಹೌದ್ರಿ?’ ಅಂದಿ.”

ನೀಲಕ್ಕನಿಗೆ ಅದೂ ನೆನಪಾಯಿತು. ಅತ್ತೆ ಬೆರಳಿನ ಬಗ್ಗೆ ಏನೋ ಹೇಳಿದ್ದರು, ಎಣ್ಣೆ ಮುಗಿದಿದೆ ಎಂದು ಹೇಳುವ ಹಾಗೆ. ಆಕೆ ಗುರವ್ವನ ಬೆರಳು ಹಿಡಿದುಕೊಂಡು ಅತ್ತಳು. ಫಕೀರಪ್ಪ ಒದರಿದ್ದನೋ ಇಲ್ಲವೋ ಎಂಬ ಪ್ರಶ್ನೆ ಆಕೆಗೆ ಅಲ್ಲಿಗೆ ಮುಗಿಯಿತು. ಉಳಿದದ್ದು ಅದನ್ನು ಹೇಗೆ ತೋರಿಸುವುದು ಎಂಬುದೊಂದೇ. ಕೇಳಿಸಿಕೊಳ್ಳದ ಕೂಗಿಗೆ ಸಾಕ್ಷಿ ಹೇಳುವುದು ಹೇಗೆ?

ಕಂಟ್ರೋಲ್ ರೂಮಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವರು ದಸ್ತಗೀರ್ ಮುಲ್ಲಾ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ನೀಲಕ್ಕ ಮರುದಿನ ಹೋಗಿ ಅವರ ಕೋಣೆಯಲ್ಲಿ ಕೂತಳು.

“ಮುಲ್ಲಾ ಸಾಹೇಬ್ರ, ಒದರಿದ ದನಿ ಎಲ್ಲೂ ಉಳದಿರೂದಿಲ್ಲೇನ್ರಿ?”

“ದನಿ ಉಳಿಯೂದಿಲ್ರಿ ಅಕ್ಕಾರ.” ಮುಲ್ಲಾ ಬಾಗಿಲು ಮುಂದೆ ಮಾಡಿ ಬಂದರು. “ಆದ್ರ ಕಾವು ತಗೀಬೇಕಂದ್ರ ಮೊದ್ಲ ಅದನ್ನ ಅಳೀಬೇಕು. ಎಷ್ಟೈತಿ ಅಂತ ಗೊತ್ತಾಗದ ಎಷ್ಟು ತಗೀಬೇಕಂತ ಯಂತ್ರಕ್ಕ ಹೆಂಗ ಗೊತ್ತಾಗ್ಬೇಕು? ಆ ಅಳತಿ ಪಟ್ಟಿ ಒಳಗ ಇರ್ತೈತಿ. ಯಾರೂ ತಗದ ನೋಡೂದಿಲ್ಲ.”

ಅವರು ತೆಗೆದು ತೋರಿಸಿದರು. ಮಂಗಳವಾರ ಹನ್ನೊಂದು ಗಂಟೆ ನಾಲ್ಕು ನಿಮಿಷ. ಫಕೀರಪ್ಪನ ಫೋನು. ‘ನೀಲಕ್ಕ’ ಎಂಬ ಮಾತು, ಬಂದದ್ದು ಒಂಬತ್ತು ಸಲ, ಬಿಟ್ಟದ್ದು ಒಂದು. ಕಾವು, ನೂರಕ್ಕೆ ತೊಂಬತ್ತೆಂಟು. ಆರು ವರ್ಷದಲ್ಲಿ ಆ ರೂಮಿಗೆ ಬಂದ ಯಾವ ದನಿಯೂ ಅಷ್ಟು ಮೇಲೆ ಹೋಗಿರಲಿಲ್ಲ.

ನೀಲಕ್ಕ ಆ ಅಂಕಿಯ ಮೇಲೆ ಬೆರಳಿಟ್ಟಳು. “ಇದನ್ನ ಕೊಟ್ರ ಫಕೀರಪ್ಪ ಉಳೀತಾನ?”

“ಉಳೀತಾನ. ನೀವ್ ಬರದ ಕೇಳಿದ್ರ ನಾ ಕೊಡಬೇಕು, ನಿಯಮ ಐತಿ.” ಮುಲ್ಲಾ ಕನ್ನಡಕ ತೆಗೆದು ಒರೆಸಿಕೊಂಡರು. “ಆದ್ರ ಅಕ್ಕಾರ, ಇದರ ಬೆನ್ನಿಗೆ ಇನ್ನೊಂದು ಕಾಗದಾ ಬರ್ತೈತಿ. ಮೊದಲ ಎರಡು ವರ್ಷ ನಿಮ್ಮ ಸ್ಕ್ರೀನ್ ಮ್ಯಾಲೆ ಇದ ಅಳತಿಗೆ ಒಂದು ದೀಪಾ ಇತ್ತಲ್ಲ? ಕಾವು ಏರಿದ್ರ ಕೆಂಪಾಗ್ತಿತ್ತು. ಅದನ್ನ ಯಾಕ ಆರಿಸಿದ್ರು ಅಂತ ಕೇಳ್ತಾರ.”

ಆ ದೀಪ ಆರಿಸಿ ಎಂದು ಅರ್ಜಿ ಬರೆದವಳು ನೀಲಕ್ಕನೇ. ಕಿವಿಗೆ ಬೈಗುಳ ಬೀಳದಿದ್ದರೂ ಇಡೀ ದಿನ ಕಣ್ಣ ಮುಂದೆ ಕೆಂಪು ಉರಿಯುತ್ತಿದ್ದರೆ ಮನಸ್ಸಿಗೆ ಹಿಂಸೆಯಾಗುತ್ತದೆ, ಯಾರೋ ಬೈಯುತ್ತಿದ್ದಾರೆ ಎಂದು ಗೊತ್ತಾಗುವುದೇ ಸಾಕು ತಲೆನೋವಿಗೆ ಎಂದು ಒಂದೂವರೆ ಪುಟ ಬರೆದು, ಹನ್ನೊಂದು ಮಂದಿಯ ಸಹಿ ಹಾಕಿಸಿ, ಮೊದಲ ಸಹಿ ತನ್ನದೇ ಮಾಡಿ ಕಳಿಸಿದ್ದಳು. ಕಂಪನಿ ಎರಡೇ ದಿನದಲ್ಲಿ ಒಪ್ಪಿತ್ತು. ದೀಪ ಆರಿದ ದಿನ ರೂಮಿನಲ್ಲಿ ಪೇಢೆ ಹಂಚಿದ್ದರು.

ದೀಪ ಇದ್ದಿದ್ದರೆ ಮಂಗಳವಾರ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಅದು ಕಣ್ಣು ಚುಚ್ಚುವಷ್ಟು ಕೆಂಪಾಗುತ್ತಿತ್ತು. ಆಕೆ ಹೋಲ್ಡಿಗೆ ಹಾಕುತ್ತಿರಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಬಸವಂತಪ್ಪ ಎರಡು ದಿನದ ಸತತ ಪಾಳಿ ಮುಗಿಸಿ ಪ್ರೆಸ್ಸಿನಿಂದ ಆಗತಾನೇ ಬಂದು ಕೈಯ ಮಸಿ ತೊಳೆಯುತ್ತಿದ್ದ. ಸಕ್ಕರಿ ಇಲ್ಲದ ಕಿವಿಗೆ ಅವನ ದನಿ ಆರು ವರ್ಷದ ಮೇಲೆ ಮೊದಲ ಸಲ ಬಿತ್ತು.

“ಹದಿನಾಕು ತಿಂಗಳು ನೀಲಾ. ಹದಿನಾಕ ತಿಂಗಳು. ಅವ್ರು ನಿನ್ನ ಮನೀಗೆ ಕಳಸ್ತಾರ. ಪೊಲೀಸ್ರು ಬಂದ್ರ? ಮಂದಿ ನಿನ್ನ ಹೆಸರ ಹಿಡದ ಚಹಾದಂಗಡ್ಯಾಗ ಮಾತಾಡಿದ್ರ? ನೀ ಏನ್ ಬೇಕಂತ ಮಾಡೀಯೇನ?”

ಆತ ಗದರಿಸುತ್ತಿದ್ದಾನೆ ಎಂದು ಆಕೆ ಮೊದಲು ತಿಳಿದಳು. ಆಮೇಲೆ ದನಿ ನಡುಗುವುದು ಕೇಳಿಸಿತು. ಕೈ ತೊಳೆದರೂ ನಲ್ಲಿ ಬಂದ್ ಮಾಡದೆ ನಿಂತಿದ್ದ. ಆತನಿಗೆ ಹೆದರಿಕೆಯಾಗಿತ್ತು. ಇಷ್ಟು ವರ್ಷ ಇನ್ನೆಷ್ಟು ಸಲ ಹೀಗೆ ಹೆದರಿ ಮಾತಾಡಿದ್ದನೋ, ತಾನು ಎಷ್ಟು ಸಲ “ಹೌದ್ರಿ” ಎಂದು ಎದ್ದು ಹೋಗಿದ್ದೆನೋ ಎಂದು ಆಕೆ ನೆನೆದಳು. ಹೀಗೆ ಕೇಳಿದ ಮೇಲೆ ಇಲ್ಲ ಎನ್ನುವುದು ಇನ್ನೂ ಕಷ್ಟ. ತಣ್ಣಗಿನ ದನಿಗಾದರೆ ಒಂದು ಉತ್ತರ ಬಿಸಾಕಿ ಹೋಗಬಹುದು.

“ನಂಗೂ ಹೆದರಿಕಿ ಐತ್ರಿ,” ಎಂದಳು. “ಆದ್ರ ಅವ ಒಂಬತ್ತ ಸಲ ಕರದಾನ.”

ಬಸವಂತಪ್ಪ ನಲ್ಲಿ ಬಂದ್ ಮಾಡಿದ.

ಬುಧವಾರದ ವಿಚಾರಣೆ ಆಫೀಸಿನ ಮಹಡಿಯ ಹಾಲಿನಲ್ಲಿ ನಡೆಯಿತು. ಮೇಜಿನ ಆ ಕಡೆ ಹೇಮಲತಾ ಮೇಡಂ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಇಬ್ಬರ ಕಿವಿಯಲ್ಲೂ ಸಕ್ಕರಿ. ಈ ಕಡೆ ಒಂದು ಕುರ್ಚಿಯ ಮೇಲೆ ಫಕೀರಪ್ಪ ಕೂತಿದ್ದ. ಒಂದು ತಿಂಗಳಲ್ಲಿ ಅಂಗಿ ಸಡಿಲವಾಗಿತ್ತು. ನೀಲಕ್ಕ ಆ ವಾರವೆಲ್ಲ ಬರೀ ಕಿವಿಯಲ್ಲೇ ತಿರುಗಾಡಿದ್ದಳು. ತಲೆನೋವು ಬಿಟ್ಟಿರಲಿಲ್ಲ, ವಾಂತಿ ನಿಂತಿತ್ತು.

ಮೇಡಂ ಮುದ್ರಣ ಹಚ್ಚಿದರು. “ನೀಲಕ್ಕ” ಎಂದಿತು ಯಂತ್ರ.

“ಫಕೀರಪ್ಪನವರೇ, ಇದರಲ್ಲಿ ಗಾಬರಿ ಎಲ್ಲಿದೆ, ನೀವೇ ಹೇಳಿ.”

ಫಕೀರಪ್ಪ ಎದ್ದು ನಿಂತ. “ಒದರೀನ್ರೀ ಯವ್ವಾ! ದೇವರಾಣಿ ಒದರೀನಿ! ನನ್ನ ಗಂಟಲಾ ಹರದಹೋತು, ಎಂಟ ದಿನಾ ನೀರ ನುಂಗಾಕ ಬರಲಿಲ್ಲ ನನಗ!” ಅವನ ದನಿ ಒಡೆದ ಮಡಕೆಯ ಹಾಗಿತ್ತು. ಕಿಟಕಿಯ ಗಾಜು ಸಣ್ಣಗೆ ಅಲುಗಿತು. ನೀಲಕ್ಕ ಕುರ್ಚಿಯ ಕೈ ಹಿಡಿದುಕೊಂಡಳು.

ಹೇಮಲತಾ ಮೇಡಂ ಕಾಗದದಿಂದ ಕಣ್ಣೆತ್ತದೆ ತಲೆಯಾಡಿಸಿದರು. “ಈಗಲೂ ನೋಡಿ, ಎಷ್ಟು ಶಾಂತವಾಗಿ ಹೇಳುತ್ತಿದ್ದೀರಿ. ನಿಮ್ಮ ಸ್ವಭಾವವೇ ಹಾಗಿರಬಹುದು. ಅದನ್ನು ನಾನು ತಪ್ಪು ಅನ್ನುವುದಿಲ್ಲ, ಆದರೆ ಈ ಕೆಲಸಕ್ಕೆ ಅದು ಆಗುವುದಿಲ್ಲ.” ಅವರು ಕೆಟ್ಟ ಹೆಂಗಸಲ್ಲ. ಅವರಿಗೆ ಕೇಳಿಸಿದ್ದಕ್ಕೆ ಅವರ ಮಾತು ಸರಿಯಾಗಿಯೇ ಇತ್ತು.

ಫಕೀರಪ್ಪ ಕುರ್ಚಿಯ ಮೇಲೆ ಕುಸಿದ.

“ನೀಲಾಂಬಿಕಾ ಅವರೇ, ಮುದ್ರಣದಲ್ಲಿ ಇರುವುದನ್ನೇ ನೀವು ಕೇಳಿದಿರಿ, ಅಲ್ಲವೇ?”

“ಹೌದ್ರಿ, ನಾ ಕೇಳಿದ್ದು ಅದನ್ನ. ಆದ್ರ ಅವ ಅಂದದ್ದು ಅದಲ್ರಿ.” ಆಕೆ ಮುಲ್ಲಾ ಕೊಟ್ಟ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. “ಒಂಬತ್ತ ಸಲ ಒದರ್ಯಾನ. ಕಾವು ತೊಂಬತ್ತೆಂಟು. ಅಳದದ್ದು ನಿಮ್ಮ ಯಂತ್ರನ.”

ಮೇಡಂ ಪಟ್ಟಿ ಓದಿದರು. ಎರಡನೆಯ ಸಲ ಓದಿದರು. ಬುದ್ಧಿವಂತರು, ಮುಲ್ಲಾ ಹೇಳಿದ ದಾರಿಯಲ್ಲೇ ಅವರ ತಲೆ ಓಡಿತು. “ಇದು ನಿಮ್ಮ ಸ್ಕ್ರೀನಿನ ಮೇಲೆ ದೀಪವಾಗಿ ಬರಬೇಕಿತ್ತಲ್ಲ?”

“ಬರ್ತಿತ್ರಿ. ಆರಿಸಿದ್ವಿ.”

“ಯಾರು ಆರಿಸಿದ್ದು?”

“ಅರ್ಜಿ ಬರದಾಕಿ ನಾ. ಮದಲನೇ ಸಹಿ ನಂದು.” ಈ ಮಾತು ಮುಗಿದ ಮೇಲೆ ಸ್ವಲ್ಪ ಹಗುರಾಗಬಹುದು ಎಂದು ಆಕೆ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ.

ಅರ್ಧ ತಾಸು ಮೇಡಂ ಹೆಡ್ ಆಫೀಸಿನ ಜೊತೆ ಫೋನಿನಲ್ಲಿ ಮಾತಾಡಿದರು. ಬಂದು ಓದಿ ಹೇಳಿದರು. ಫಕೀರಪ್ಪನ ಮೇಲಿನ ಆರೋಪ ಕೈಬಿಡಲಾಗಿದೆ. ಅವನ ಕರೆ ತುರ್ತಿನದಾಗಿತ್ತು ಎಂದು ಕಂಪನಿ ಊರಿನ ಪತ್ರಿಕೆಗಳಿಗೂ ತಿಳಿಸುತ್ತದೆ. ಎಚ್ಚರಿಕೆಯ ದೀಪ ಆರಿಸಲು ಕಾರಣರಾದ ನೀಲಾಂಬಿಕಾ ಬಳಿಗಾರ ಅವರನ್ನು ಇವತ್ತಿನಿಂದ ಅಮಾನತಿನಲ್ಲಿ ಇಡಲಾಗಿದೆ. ಅರ್ಜಿ ಒಪ್ಪಿದ ಕಂಪನಿಯ ಬಗ್ಗೆ ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನು ಕೇಳುವಷ್ಟು ಶಕ್ತಿ ಆಕೆಗೂ ಉಳಿದಿರಲಿಲ್ಲ.

ಆಕೆ ಏಳುವಷ್ಟರಲ್ಲಿ ಫಕೀರಪ್ಪ ಎದ್ದು ಬಂದು ಎದುರು ನಿಂತ. ಏನಾದರೂ ಒಳ್ಳೆಯ ಮಾತು ಹೇಳುತ್ತಾನೆ ಎಂದು ಒಂದು ಗಳಿಗೆ ಅನ್ನಿಸಿತು, ಮನುಷ್ಯರಿಗೆ ಹಾಗೆ ಅನ್ನಿಸುತ್ತದೆ.

“ಹನ್ನೆರಡ ವರ್ಷ!” ಎಂದು ಅವನು ಒದರಿದ. “ಹನ್ನೆರಡ ವರ್ಷ ನಿನ್ನ ದನಿ ನಂಬಿ ಕಂಬಾ ಹತ್ತೀವಿ ನಾವಿಬ್ರು! ದೀಪಾ ಆರಿಸಿದೇನ? ನಾವ್ ಒದರೂದು ನಿನ್ನ ಕಣ್ಣಿಗೆ ಚುಚ್ಚತಿತ್ತೇನ? ಮೈಲಾರಿ ಕಣ್ ತಗದ ನನ್ನ ನೋಡಾಕತ್ತಿದ್ದ, ನಾ ನಿನ್ನ ಕರ್ಯಾಕತ್ತಿದ್ದೆ, ನೀ ಹಾಡ ಹಚ್ಚಿ ಹೋದಿ! ನಿಮ್ಮ ಕಂಪನಿ ಹಾಡಾ! ಒಂದ ನಿಮಿಷ ಐವತ್ತ ಸೆಕೆಂಡ್ ನಾ ಹಾಡ ಕೇಳ್ಕೋಂತ ನನ್ನ ಗೆಳ್ಯಾ ಸುಡೂದ ನೋಡೇನಿ! ನಿನ್ನ ಬಾಯಾಗ ಮಣ್ಣ ಬೀಳ್ಲಿ! ನಿನಗ ಯಾರೂ ಓಗೊಡದಂಗ ಆಗ್ಲಿ!”

ಅವನ ಉಗುಳು ಆಕೆಯ ಮುಖಕ್ಕೆ ಸಿಡಿಯಿತು. ದನಿ ಎದೆಯ ಗೂಡಿನೊಳಗೆ ಹೊಕ್ಕು ಹೊರಬಂದಂತಾಯಿತು. ಆಕೆಯ ಕೈ ಅಭ್ಯಾಸಬಲದಿಂದ ಕಿವಿಯ ಕಡೆ ಹೋಯಿತು, ಅರ್ಧಕ್ಕೆ ನಿಂತಿತು. ಮುಖ ನೋಡಿದಳು. ಕೆಂಪು ಕಣ್ಣು, ಉಬ್ಬಿದ ನರ, ನಡುಗುವ ಗದ್ದ. ದನಿಗೂ ಮುಖಕ್ಕೂ ಎಲ್ಲಿಯೂ ಬಿರುಕಿರಲಿಲ್ಲ.

ಮೇಜಿನ ಆ ಕಡೆ ಹೇಮಲತಾ ಮೇಡಂ ಕಾಗದ ಜೋಡಿಸುತ್ತ ಸಮಾಧಾನದಿಂದ ನಕ್ಕರು. “ಒಳ್ಳೆಯದಾಯಿತು. ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಇಬ್ಬರೂ ಮಾತಾಡಿಕೊಂಡಿರಲ್ಲ,” ಎಂದು ಗುಮಾಸ್ತನ ಕಡೆ ತಿರುಗಿದರು. “ಅದನ್ನೂ ಬರೆದುಕೊಳ್ಳಿ. ಸೌಹಾರ್ದದಿಂದ ಮುಗಿಯಿತು ಅಂತ.” ಇಬ್ಬರೂ ಎದ್ದು ಫೈಲು ಹಿಡಿದು ಹೊರಗೆ ಹೋದರು.

ಹಾಲಿನಲ್ಲಿ ಇವರಿಬ್ಬರೇ ಉಳಿದರು. ಫಕೀರಪ್ಪ ಒದರುವುದು ನಿಲ್ಲಿಸಿದ್ದ. ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದ. ನೀಲಕ್ಕ ಮೇಜಿನ ಮೇಲಿದ್ದ ನೀರಿನ ಲೋಟ ಅವನ ಕಡೆ ಸರಿಸಿದಳು. ಅವನು ಅದನ್ನು ಮುಟ್ಟಲಿಲ್ಲ.

“ಇನ್ನೂ ಐತೇನಪಾ?” ಎಂದು ಕೇಳಿದಳು.

“ಐತಿ.”

ಆಕೆ ಕುರ್ಚಿ ಎಳೆದು ಅವನ ಎದುರಿಗೆ ಕೂತಳು.

“ಹೇಳು. ನಾ ಎಲ್ಲೂ ಹೋಗೂದಿಲ್ಲ.”